ತಿಮ್ಮಪ್ಪನ ಹೆಸರಲ್ಲಿ ಹೋದ ಕೂದಲು

ಕಳೆದ ತಿಂಗಳು ನನ್ನ ಮಗಳು ರತ್ನನ ಮೊಮ್ಮಗುವಿಗೆ ತಿರುಪತಿಯಲ್ಲಿ ಮೊದಲ ಮುಡಿ ತೆಗೆಸಿಕೊಂಡು ಬಂದರು. ಬೋಳು ತಲೆಯ ತುಂಬ ಗಂಧ ಬಳಿದುಕೊಂಡಿದ್ದ ಮಗುವನ್ನು ತಂದು ನನ್ನ ತೊಡೆಯ ಮೇಲೆ ಕೂರಿಸಿದರು. ಮುತ್ತು ಕೊಡೋಣ ಅಂತ ಬಗ್ಗಿದೆ. ಹಸಿ ನೆತ್ತಿಯ ಮೇಲೆ ಒಣಗುತ್ತಿದ್ದ ಗಂಧದ ವಾಸನೆ ಮೂಗಿಗೆ ಬಡಿಯಿತು. ಅಷ್ಟೇ, ಹಿಡಿತ ತಪ್ಪಿ ಮಗುವನ್ನು ಬೀಳಿಸುವಂತಾಯಿತು. "ಅಕ್ಕಂಗೆ ಬೀಪಿ ಜಾಸ್ತಿ ಆಗೈತೆ, ಮಗೂನ ತಗೊಳ್ರೋ" ಅಂದಳು ರತ್ನ. ಬೀಪಿಯೂ ಅಲ್ಲ, ಮಣ್ಣೂ ಅಲ್ಲ. ಹೆತ್ತ ಮಗಳು ನನ್ನನ್ನು ಅಕ್ಕ ಅನ್ನುತ್ತಾಳಲ್ಲ, ಅದೂ ಆ ಗಂಧದ ವಾಸನೆಯೂ ಒಂದೇ ವರ್ಷದಲ್ಲಿ ನನಗೆ ಅಂಟಿಕೊಂಡವು.

ಅರವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗಿನ್ನೂ ಇಪ್ಪತ್ತೆರಡೋ ಇಪ್ಪತ್ತಮೂರೋ. ಹೊಸಕೋಟೆ ತಾಲ್ಲೂಕಿನಲ್ಲಿ, ಜಡಿಗೇನಹಳ್ಳಿಯಲ್ಲಿ ಬಸ್ಸಿಳಿದು ನಡೆದುಹೋಗಬೇಕಾದ ಒಂದು ಊರು ನನ್ನ ಗಂಡನ ಮನೆ. ರಾಗಿ ಹೊಲ, ಬಾವಿ, ಎತ್ತು, ಎಮ್ಮೆ, ಎಲ್ಲರ ಮನೆಯಲ್ಲಿದ್ದ ಹಾಗೆಯೇ ಇತ್ತು. ಮಾವ ಊರಿಗೆ ದೊಡ್ಡ ಮನುಷ್ಯರು. ಗಂಡ ಹೆಂಡಿರ ಜಗಳವಾಗಲಿ, ಬದುವಿನ ತಕರಾರಾಗಲಿ, ನಮ್ಮ ಜಗಲಿಯ ಮೇಲೇ ಪಂಚಾಯ್ತಿ. ಅತ್ತೆ ಪಿಳ್ಳಮ್ಮ ಮಾತು ಕಡಿಮೆ, ಆಡಿದರೆ ಬಿರುಸು. ಐವತ್ತು ದಾಟಿದ್ದರೂ ಸೊಂಟದವರೆಗೆ ಕೂದಲಿತ್ತು ಅವರಿಗೆ. ಆ ತಲೆಯನ್ನು ಒಬ್ಬರಿಗೂ ಮುಟ್ಟಗೊಡುತ್ತಿರಲಿಲ್ಲ. ಹಬ್ಬದಲ್ಲಿ ಎಲ್ಲರಿಗೂ ಎಣ್ಣೆ ಒತ್ತುತ್ತಿದ್ದರು, ತಮ್ಮ ತಲೆಗೆ ಮಾತ್ರ ಬಚ್ಚಲ ಬಾಗಿಲು ಹಾಕಿಕೊಂಡು ತಾವೇ ಎಣ್ಣೆ ಹಚ್ಚಿ, ತಾವೇ ಬಾಚಿ, ಗಂಟು ಬಿಗಿದುಕೊಂಡು ಹೊರಗೆ ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ, "ಅತ್ತೆ, ನಾನು ಬಾಚ್ಲಾ?" ಅಂತ ಕೇಳಿ ಬೈಸಿಕೊಂಡಿದ್ದೆ. ಎಂಥ ಜಂಬದ ಹೆಂಗಸಪ್ಪಾ ಅಂತ ಮನಸ್ಸಿನಲ್ಲೇ ಅಂದುಕೊಂಡಿದ್ದೆ.

ರತ್ನ ಹುಟ್ಟಿ ವರ್ಷ ದಾಟಿದ ಮೇಲೆ ನನಗೆ ತಲೆನೋವು ಅಂಟಿಕೊಂಡಿತು. ಬೆಳಗ್ಗೆ ಎದ್ದರೆ ವಾಂತಿ. ಮತ್ತೆ ಬಸುರಿ ಅಂತ ಮನೆಯವರೆಲ್ಲ ಹಿಗ್ಗಿದರು. ಅತ್ತೆ ಹುಣಸೆಹಣ್ಣಿನ ಗೊಜ್ಜು ಮಾಡಿ ಮಾಡಿ ಹಾಕಿದರು. ಹೊಟ್ಟೆ ಬೆಳೆಯಲಿಲ್ಲ, ನೋವು ಬೆಳೆಯಿತು. ಆಮೇಲೆ ದೃಷ್ಟಿ ತೆಗೆದರು, ತಾಯತ ಕಟ್ಟಿದರು. ಒಂದು ದಿನ ನೀರಿನ ಬಿಂದಿಗೆ ಬಲಗೈಯಿಂದ ತಾನಾಗಿಯೇ ಜಾರಿ ಬಾವಿಗೆ ಬಿತ್ತು. ಕೈಯಲ್ಲಿ ಬಿಂದಿಗೆ ಇತ್ತು ಅನ್ನುವುದೇ ನನಗೆ ತಿಳಿದಿರಲಿಲ್ಲ. ಅವತ್ತು ನನ್ನ ಗಂಡ ನಾರಾಯಣಪ್ಪ, ಅಪ್ಪನ ಎದುರು ಎಂದೂ ಬಾಯಿ ಬಿಡದ ಮನುಷ್ಯ, "ಬೆಂಗ್ಳೂರಿಗೆ ಕರ್ಕೊಂಡ್ ಹೋಗ್ತೀನಿ" ಅಂದುಬಿಟ್ಟರು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಏನೇನೋ ಚುಚ್ಚಿ, ಏನೇನೋ ಫೋಟೋ ತೆಗೆದು, ತಲೆಯೊಳಗೆ ಗಡ್ಡೆ ಇದೆ ಅಂದರು. ಬುರುಡೆ ತೆಗೆದು ಗಡ್ಡೆ ತೆಗೆಯಬೇಕಂತೆ. "ಉಳೀತಾಳಾ ಸ್ವಾಮಿ?" ಅಂತ ಗಂಡ ಕೇಳಿದ್ದಕ್ಕೆ, "ತೆಗೀದಿದ್ರೆ ಉಳಿಯೋದಿಲ್ಲ" ಅಂದರು ಡಾಕ್ಟರು. ನನ್ನ ಜಡೆಯನ್ನು ಬುಡಕ್ಕೆ ಕತ್ತರಿಸಿ, ತಲೆ ನುಣ್ಣಗೆ ಬೋಳಿಸಿದರು. ಆ ಜಡೆ ಎಲ್ಲಿಗೆ ಹೋಯಿತೋ, ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಗೋಡೆಯ ಕಡೆ ಮುಖ ಮಾಡಿಕೊಂಡು ಗಂಡ ಅತ್ತಿದ್ದು ಮಾತ್ರ ನೆನಪಿದೆ.

ಎಚ್ಚರವಾದಾಗ ಬದುಕಿದ್ದೆ. ಆದರೆ ಬಲಗೈ ಬೇರೆ ಯಾರದೋ ಆಗಿತ್ತು. ಮಾತು ಚೆಲ್ಲಾಪಿಲ್ಲಿಯಾಗಿತ್ತು. ನೀರು ಬೇಕಾದರೆ ಬಾಗಿಲು ಕೊಡಿ ಅನ್ನುತ್ತಿದ್ದೆ. ಗಂಡ ಲೋಟ ಹಿಡಿದುಕೊಂಡು, "ತಗೋ, ಬಾಗ್ಲು ಕುಡಿ. ತಣ್ಣಗೈತೆ" ಅಂತ ತಮಾಷೆ ಮಾಡುತ್ತಿದ್ದರು. ತಪ್ಪು ಹೇಳುತ್ತಿದ್ದೇನೆ ಅಂತ ನನಗೆ ಗೊತ್ತಾಗುತ್ತಿತ್ತು, ಸರಿ ಯಾವುದು ಅಂತ ಸಿಕ್ಕುತ್ತಿರಲಿಲ್ಲ. ಅಂಥ ಸಂಕಟ ಶತ್ರುವಿಗೂ ಬೇಡ.

ಮುಂಗಾರು ಹಿಡಿಯುವ ಹೊತ್ತಿಗೆ ಮನೆಗೆ ಕಳಿಸಿದರು. ನಾನು ತವರಿಗೆ ಹೋಗಿದ್ದೇನೆ ಅಂತ ಮಾವ ಊರಿನವರಿಗೆ ಹೇಳಿದ್ದರು. ಊರ ಮುಂದಿನ ಅರಳಿಕಟ್ಟೆಯವರೆಗೆ ಅತ್ತೆ ಎದುರು ಬಂದಿದ್ದರು, ಸೊಂಟದಲ್ಲಿ ರತ್ನ. ಹೆಂಗಸರೆಲ್ಲ ನೀರಿಗೆ ಬಂದಿದ್ದ ಹೊತ್ತು. ಬೀಸಿದ ಗಾಳಿಗೆ ನನ್ನ ತಲೆಯ ಸೆರಗು ಹಾರಿತು. ರತ್ನ ನನ್ನನ್ನು ನೋಡಿ ಕಿಟಾರನೆ ಕಿರುಚಿ ಅಜ್ಜಿಯ ಕತ್ತಿಗೆ ಅವಚಿಕೊಂಡಳು. ಹೆಂಗಸರು ಬಾಯಿ ಮೇಲೆ ಕೈಯಿಟ್ಟರು.

"ಅಯ್ಯೋ ಇದೇನೇ ಪಿಳ್ಳಮ್ಮ, ಸೊಸೆ ತಲೆ!"

ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ. ಸೆರಗೆಳೆದು ನನ್ನ ಗಾಯ ಮುಚ್ಚುತ್ತ, "ತಿರುಪ್ತಿಗೆ ಮುಡಿ ಕೊಟ್ಟು ಬಂದವ್ಳೆ. ಮೈ ಹುಷಾರಿರ್ಲಿಲ್ಲ ಅಂತ ಹರಕೆ ಹೊತ್ತಿದ್ವಿ. ಗೋವಿಂದ ಅನ್ರೇ" ಅಂದರು. ಹೆಂಗಸರು ಬಿಂದಿಗೆ ಕೆಳಗಿಟ್ಟು, ಕೈ ಮುಗಿದು "ಗೋವಿಂದಾ ಗೋವಿಂದ" ಅಂದರು. ಒಬ್ಬಳು ಬಗ್ಗಿ ನನ್ನ ಕಾಲು ಮುಟ್ಟಿದಳು. ಆಸ್ಪತ್ರೆಯ ಔಷಧಿ ವಾಸನೆ ಇನ್ನೂ ಮೈಯಿಂದ ಹೋಗಿರದ ನಾನು ಗೊಂಬೆಯ ಹಾಗೆ ನಿಂತಿದ್ದೆ.

ಮಾವನಿಗೆ ಈ ಸುಳ್ಳು ಬಹಳ ಹಿಡಿಸಿತು. "ಒಳ್ಳೇದಾಯ್ತು ಬಿಡು. ತಲೆ ಕೊಯ್ಸವ್ಳೆ ಅಂದ್ರೆ ಹುಚ್ಚಾಸ್ಪತ್ರೆಗೆ ಹೋಗಿದ್ಲು ಅಂತ ಊರೆಲ್ಲ ಡಂಗೂರ ಹೊಡೀತಾರೆ" ಅಂದರು. ಆಮೇಲೆ ಮಗನನ್ನು ಜಗಲಿಗೆ ಕರೆದು ಅವರು ಆಡಿದ್ದು ಕೋಣೆಯಲ್ಲಿ ಮಲಗಿದ್ದ ನನಗೆ ನಿಚ್ಚಳವಾಗಿ ಕೇಳಿತು. "ನೋಡಪ್ಪಾ, ಸುಗ್ಗಿ ಮುಗಿಯೋವರ್ಗೂ ನೋಡಣ. ಕೈ ಬಾಯಿ ಸರಿಹೋದ್ರೆ ಸರಿ. ಇಲ್ದಿದ್ರೆ ತವರಿಗೆ ಬಿಟ್ಟು ಬಂದ್ಬಿಡು. ಮಾಲೂರು ಕಡೆ ಒಂದು ಹೆಣ್ಣೈತೆ. ಮಗೂನ ಇಲ್ಲೇ ಸಾಕ್ಕಳಣ." ಗಂಡ ಏನು ಹೇಳಿದರು ಅಂತ ಕಿವಿಗೊಟ್ಟೆ. ಚಪ್ಪಲಿ ಮೆಟ್ಟಿಕೊಂಡು ಕೊಟ್ಟಿಗೆಯ ಕಡೆ ಹೋದ ಸದ್ದಷ್ಟೇ ಕೇಳಿತು. ಆಸ್ಪತ್ರೆಗೆ ಕರೆದುಕೊಂಡು ಹೋಗುವಷ್ಟು ಧೈರ್ಯ ಮಾಡಿದ್ದ ಮನುಷ್ಯ ಅಲ್ಲಿಗೇ ದಣಿದಿದ್ದರು ಅಂತ ಕಾಣುತ್ತದೆ.

ಮಾರನೆಯ ದಿನವೇ ಹೆಂಗಸರು ಬಂದು ಬಾಗಿಲಲ್ಲಿ ನಿಂತರು. "ಪ್ರಸಾದ ಎಲ್ಲಮ್ಮ?" ಹೌದಲ್ಲ! ತಿರುಪತಿಗೆ ಹೋಗಿ ಬಂದವರು ಲಡ್ಡು ಹಂಚದೆ ಇರುತ್ತಾರೆಯೇ? ಅದನ್ನು ನಾವು ಯಾರೂ ಯೋಚಿಸಿರಲಿಲ್ಲ. "ಸಂಜೆ ತಂದ್ಕೊಡ್ತೀನಿ, ಪೂಜೆ ಆಗ್ಬೇಕು" ಅಂತ ಅವರನ್ನು ಸಾಗಹಾಕಿ, ಅತ್ತೆ ಬಾಗಿಲು ಹಾಕಿಕೊಂಡು ಬೂಂದಿ ಕರಿದರು. ತುಪ್ಪ, ಕಲ್ಲುಸಕ್ಕರೆ, ಏಲಕ್ಕಿ, ಚೂರು ಪಚ್ಚಕರ್ಪೂರ. ಲಡ್ಡು ಕಟ್ಟಿದರು. ಸಂಜೆ ಮನೆಮನೆಗೂ ಹಂಚಿ ಬಂದವರು ಒಲೆಯ ಮುಂದೆ ಕುಸಿದು ಕೂತರು. ಕೊನೇ ಮನೆಯ ಪಾಪಮ್ಮಜ್ಜಿಗೆ ಕಣ್ಣು ಕಾಣುತ್ತಿರಲಿಲ್ಲ. ಆ ಮುದುಕಿ ಲಡ್ಡು ಚೂರನ್ನು ಎರಡು ಕಣ್ಣಿಗೂ ಒತ್ತಿಕೊಂಡು, ಈ ಜನ್ಮಕ್ಕೆ ಇಷ್ಟು ಸಾಕು ತಂದೆ ಅಂತ ಅತ್ತಳಂತೆ. "ನಮ್ಮ ಬಾಣ್ಲೆ ಲಡ್ಡು ಕಣಮ್ಮಿ ಅದು" ಅಂದರು ಅತ್ತೆ. ರಾತ್ರಿ ಊಟ ಮಾಡಲಿಲ್ಲ.

ಅವತ್ತಿನಿಂದ ದಿನಾ ಬೆಳಗ್ಗೆ ಸಾಣೇಕಲ್ಲಿನ ಸದ್ದು. ಅತ್ತೆ ಗಂಧ ತೇಯ್ದು ನನ್ನ ತಲೆಗೆ ಬಳಿಯುತ್ತಿದ್ದರು. ಎಡಗಡೆ ಹಣೆಯಿಂದ ಕಿವಿಯ ಮೇಲಕ್ಕೆ, ಎತ್ತಿನ ಲಾಳದ ಹಾಗೆ ಬಾಗಿದ್ದ ಹೊಲಿಗೆ ಗಾಯದ ಮೇಲೆ ಅದು ಉರಿಯುತ್ತಿತ್ತು. ಕಣ್ಣಲ್ಲಿ ನೀರು ಬಂದರೆ, "ತಡ್ಕೋ. ಕಾಣ್ಬಾರ್ದು ಅದು" ಅನ್ನುತ್ತಿದ್ದರು. ಅವರ ಮೇಲೆ ನನಗೆ ಮೈಯೆಲ್ಲ ಉರಿಯುವಷ್ಟು ಕೋಪವಿತ್ತು. ಸತ್ತು ಬದುಕಿ ಬಂದಿದ್ದೇನೆ, ಏನಾಯಿತು ತಾಯಿ ಅಂತ ಕೇಳುವವರು ಒಬ್ಬರೂ ಇಲ್ಲ. ನೋಡಿದವರೆಲ್ಲ ಗೋವಿಂದ ಅಂದು ಕೈ ಮುಗಿಯುವವರೇ. ನನ್ನ ನೋವನ್ನು ನೋವು ಅಂತ ಹೇಳಿಕೊಳ್ಳುವ ಹಕ್ಕೂ ಹೋಗಿತ್ತು.

ರತ್ನ ಹತ್ತಿರ ಬರುತ್ತಿರಲಿಲ್ಲ. ನಾನು ಕೈ ಚಾಚಿದರೆ ಅಜ್ಜಿಯ ಸೀರೆಯ ಹಿಂದೆ ಅಡಗುತ್ತಿದ್ದಳು. ಊಟ ಅಜ್ಜಿ ಕೈಯಲ್ಲಿ, ನಿದ್ದೆ ಅಜ್ಜಿ ಮಗ್ಗುಲಲ್ಲಿ. ಒಂದು ಮಧ್ಯಾಹ್ನ ಅವರ ಕೆನ್ನೆ ಹಿಡಿದು "ಅಮ್ಮ" ಅಂದಳು. ಅತ್ತೆ ಗಾಬರಿಯಾಗಿ ನನ್ನ ಕಡೆ ನೋಡಿ, "ಅಮ್ಮ ಅವ್ಳು ಕಣೇ, ಅಲ್ನೋಡು" ಅಂದರು. ಮಗು ನನ್ನನ್ನು ನೋಡಿತು, ಮತ್ತೆ ಅಜ್ಜಿಯನ್ನು ನೋಡಿತು, ಅಳಲು ಶುರುಮಾಡಿತು. ಪಕ್ಕದ ಮನೆಯ ಹುಡುಗಿಯರು ನನ್ನನ್ನು ಜಯಕ್ಕ ಅಂತಿದ್ದರು. ಕೊನೆಗೆ ಅವಳ ಬಾಯಿಗೂ ಅದೇ ಬಂತು.

ಇನ್ನು ಮುದ್ದೆ. ನಮ್ಮ ಕಡೆ ಮುದ್ದೆ ತೊಳಸಲು ಬಾರದ ಸೊಸೆ ಅಂದರೆ ಲೆಕ್ಕಕ್ಕೇ ಇಲ್ಲ. ಕುದಿಯುವ ಎಸರಿನಲ್ಲಿ ಹಿಟ್ಟು ಬೇಯಿಸಿ, ಪಾತ್ರೆಯನ್ನು ಕಾಲಲ್ಲಿ ಒತ್ತಿ ಹಿಡಿದು, ಮುದ್ದೆಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವಬೇಕು. ನನ್ನ ಬಲಗೈ ಕೋಲಿನ ಮೇಲೆ ಸತ್ತ ಹಾವಿನ ಹಾಗೆ ಬಿದ್ದಿರುತ್ತಿತ್ತು. ಮಾವನಿಗೋ ಸೊಸೆಯೇ ಮುದ್ದೆ ಮಾಡಬೇಕು, ಕೈ ಸರಿಹೋಯಿತೇ ಅಂತ ಪರೀಕ್ಷೆ ಮಾಡುವುದು ಹಾಗೆ. ಮುದ್ದೆ ಮುರಿದು, ಒಳಗೆ ಬೆರಳಾಡಿಸಿ, ಗಂಟಿದೆಯಾ ಅಂತ ನೋಡುತ್ತಿದ್ದರು. ಅತ್ತೆ ಅಡಿಗೆಮನೆಯ ಬಾಗಿಲು ಓರೆ ಮಾಡಿ, ನನ್ನನ್ನು ಒಲೆಯ ಮುಂದೆ ಕೂರಿಸಿ, ತಾವೇ ತೊಳಸಿ, ತಟ್ಟೆ ಮಾತ್ರ ನನ್ನ ಎಡಗೈಗೆ ಕೊಟ್ಟು ಬಡಿಸಲು ಕಳಿಸುತ್ತಿದ್ದರು. "ಗಂಟಿರ್ಬಾರ್ದು ಕಣಮ್ಮಿ. ಒಂದೂ ಇರ್ಬಾರ್ದು" ಅನ್ನುತ್ತಿದ್ದರು. ಎಷ್ಟು ಹೆದರುತ್ತಾರಪ್ಪಾ ಈಯಮ್ಮ ಒಂದು ಮುದ್ದೆಗೆ ಅಂತ ನನಗೆ ಆಶ್ಚರ್ಯವಾಗುತ್ತಿತ್ತು.

ಮಳೆ ಹಿಡಿದು, ಮಳೆ ಬಿಟ್ಟು, ರಾಗಿ ತೆನೆಯೊಡೆಯಿತು. ಮಾತು ಒಂದೊಂದಾಗಿ ತಿರುಗಿ ಬಂತು. ನೀರಿಗೆ ನೀರು, ಬಾಗಿಲಿಗೆ ಬಾಗಿಲು. ಕೂದಲೂ ಬಂತು. ಮೊದಲು ಗರಗರ, ಆಮೇಲೆ ಮೆತ್ತಗೆ. ಸುಗ್ಗಿಯ ಹೊತ್ತಿಗೆ ಬೆರಳುದ್ದ ಬೆಳೆದು ಗಾಯ ಮುಚ್ಚಿತು. ಕನ್ನಡಿಯಲ್ಲಿ ನೋಡಿಕೊಂಡು ಅವತ್ತು ನಾನು ಎಷ್ಟು ಅತ್ತೆನೋ. ಇನ್ನು ಗಂಧ ಬೇಡ, ಇನ್ನು ಯಾರೂ ನನ್ನನ್ನು ಮಾಲೂರಿನ ಹೆಣ್ಣಿಗಾಗಿ ಹೊರಗೆ ಹಾಕುವುದಿಲ್ಲ ಅಂದುಕೊಂಡೆ.

ಅಷ್ಟರಲ್ಲಿ ಕಣದಲ್ಲಿ ಬಿದ್ದೆ. ರಾಗಿ ತೂರುತ್ತಿದ್ದರು. ಬಾಯಿ ಒಂದು ಕಡೆ ಎಳೆದ ಹಾಗಾಯಿತು, ಆಮೇಲೆ ಏನೂ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಕೈಯಲ್ಲಿ ಯಾರೋ ಬೀಗದ ಕೈ ಗೊಂಚಲು ತುರುಕಿದ್ದರು, ಮೂಗಿಗೆ ಈರುಳ್ಳಿ ಹಿಡಿದಿದ್ದರು, ಸುತ್ತ ಊರೇ ನಿಂತಿತ್ತು. ಇಂಥ ಸೆಳೆತ ಬರಬಹುದು, ಮಾತ್ರೆ ಬಿಡಬೇಡಿ ಅಂತ ಡಾಕ್ಟರು ಹೇಳಿದ್ದರು. ಆದರೆ ಸುಗ್ಗಿಯ ಗಡಿಬಿಡಿಯಲ್ಲಿ ಮಾತ್ರೆ ಮುಗಿದಿತ್ತು. ಮಾವ ಜನರ ಮುಂದೆ ಏನೂ ಅನ್ನಲಿಲ್ಲ. ಮನೆಗೆ ಬಂದು, "ಸಂಕ್ರಾಂತಿ ಆಗ್ಲಿ. ಎತ್ತಿನ ಗಾಡಿ ಕಟ್ಟಿ ತವರಿಗೆ ಬಿಟ್ಟು ಬಾ" ಅಂದರು ಮಗನಿಗೆ.

ಅತ್ತೆ ಬೇರೆಯೇ ಹೆದರಿಕೆಯಲ್ಲಿದ್ದರು. "ಇದು ಮಾತ್ರೆಯಿಂದ ಹೋಗೋದಲ್ಲ ಕಣೇ ಜಯಾ. ಅವ್ನ ಹೆಸ್ರಲ್ಲಿ ಸುಳ್ಳಾಡ್ದೆ. ಕುರುಡಿ ಕಣ್ಣಿಗೆ ಬಾಣ್ಲೆ ಲಡ್ಡು ಒತ್ತಿಸ್ದೆ. ಅವ್ನಿಗೆ ಸಲ್ಬೇಕಾದ್ದು ಸಲ್ಲಿಸ್ಬಿಡಣ. ಮುಡಿ ಕೊಟ್ಬಿಡು."

ನಾನು ಹುಚ್ಚಿಯ ಹಾಗೆ ಕೂಗಾಡಿದೆ. "ಒಂದ್ಸಲ ಬೋಳಿಸ್ಕೊಂಡಿದ್ದು ಸಾಲ್ದಾ ನಿಮ್ಗೆ? ಕೊಡಲ್ಲ ಅತ್ತೆ, ಸತ್ರೂ ಕೊಡಲ್ಲ! ಗಾಯ ಕಂಡ್ರೆ ಮಾವ ನಾಳೇನೇ ಗಾಡಿ ಕಟ್ತಾರೆ!" ಅಂದೆ. ಅವರು ಬೈಯಲಿಲ್ಲ. ಒಲೆಗೆ ಸೌದೆ ನೂಕಿದರು.

ಆದರೂ ಹೋದೆವು. ಮತ್ತೆ ಸೆಳೆತ ಬಂದರೆ ಗತಿಯೇನು ಅನ್ನುವ ಹೆದರಿಕೆ ನನಗೂ ಇತ್ತು. ದೇವರ ಕೆಲಸಕ್ಕೆ ಬೇಡ ಅನ್ನಲು ಮಾವನಿಗೂ ಆಗಲಿಲ್ಲ. ಹೊಸಕೋಟೆಯಲ್ಲಿ ತಿರುಪತಿ ಬಸ್ಸು ಹತ್ತಿದೆವು, ಅತ್ತೆ, ನಾನು, ನನ್ನ ಗಂಡ. ಕೋಲಾರ ದಾಟಿತು, ಮುಳಬಾಗಿಲು ದಾಟಿತು. ಕಿಟಕಿಯ ಗಾಳಿಗೆ ನನ್ನ ಗಿಡ್ಡ ಕೂದಲು ಅಲ್ಲಾಡುತ್ತಿತ್ತು. ಅದನ್ನು ಎಡಗೈಯಲ್ಲಿ ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಬೆಟ್ಟದ ಮೇಲೆ ಮುಡಿ ತೆಗೆಯುವ ಜಾಗದಲ್ಲಿ ಸಾಲಾಗಿ ಜನ ಕೂತಿದ್ದರು. ನೆಲವೆಲ್ಲ ನೀರು, ಕೂದಲು. ನನ್ನ ಸರದಿ ಬಂತು. ತೆಲುಗಿನ ಕ್ಷೌರಿಕ ತಲೆಗೆ ನೀರು ಚಿಮುಕಿಸಿ ಉಜ್ಜಿದ. ಬೆರಳಿಗೆ ಆ ಲಾಳದ ಗೆರೆ ಸಿಕ್ಕಿತು. ಸಟ್ಟನೆ ಕೈ ತೆಗೆದು, "ಇದೇಂಟಮ್ಮಾ?" ಅಂದ. ನಾನು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ.

ಅತ್ತೆ ನನ್ನ ರಟ್ಟೆ ಹಿಡಿದು ಎಬ್ಬಿಸಿದರು. "ಏಳು."

"ಅತ್ತೆ..."

"ಏಳೇ ಅಂದೆ. ಸುಳ್ಳು ಹೇಳ್ದೋಳು ನಾನು. ನಿನ್ ಕೂದ್ಲು ಯಾಕೆ ಕೇಳ್ತಾನೆ ಅವ್ನು?"

ನಾನು ಎದ್ದ ಜಾಗದಲ್ಲಿ ತಾವು ಕೂತು ಗಂಟು ಬಿಚ್ಚಿದರು. ಅವರ ಕೂದಲು ಪೂರ್ತಿ ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನೆಲ ಮುಟ್ಟುತ್ತಿತ್ತು. ಕತ್ತಿ ನೆತ್ತಿಯಿಂದ ಹಿಂದಕ್ಕೆ ಇಳಿಯಿತು, ಕ್ಷೌರಿಕ ಮತ್ತೆ ಕೈ ತಡೆದ. ನೆತ್ತಿಯಿಂದ ಬಲಗಿವಿಯ ಹಿಂದಕ್ಕೆ ಅಂಗೈಯುದ್ದ ಒಂದು ಹಳೆಯ ಗಾಯದ ಕಲೆ. ನನ್ನದು ಹೊಲಿದ ಗಾಯ, ಸರಿಯಾಗಿ ಕೂಡಿತ್ತು. ಅವರದು ಯಾರೂ ಹೊಲಿಯದೆ ತಾನಾಗಿ ಕೂಡಿದ್ದು. ಮಧ್ಯದಲ್ಲಿ ಬೆರಳು ಇಡುವಷ್ಟು ತಗ್ಗಿತ್ತು.

ಕ್ಷೌರಿಕ ಗಂಧದ ಬಟ್ಟಲು ಕೊಟ್ಟ. ಅವರ ತಲೆಗೆ ಗಂಧ ಬಳಿಯುವ ಸರದಿ ನನ್ನದು. ಎಡಗೈಯಲ್ಲಿ ಬಳಿಯುತ್ತ, "ಇದೇನತ್ತೆ?" ಅಂದೆ.

"ಮುದ್ದೆಕೋಲು" ಅಂದರು. "ನಿಮ್ಮ ಮಾವ. ಮುದ್ದೆ ಗಂಟಾಗಿತ್ತು ಅಂತ. ನಿನ್ ಗಂಡ ಆಗ ಹೊಟ್ಟೇಲಿದ್ದ. ಅಟ್ಟದ ಏಣಿಯಿಂದ ಬಿದ್ಲು ಅಂತ ಊರ್ಗೆ ಹೇಳಿದ್ರು. ನಾನೂ ಹಂಗೇ ಅಂದೆ."

ಪಕ್ಕದಲ್ಲಿ ನಿಂತಿದ್ದ ಇವರು ಅದನ್ನು ಕೇಳಿಸಿಕೊಂಡರು. ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟರು. ನನಗೆ ದೇವರ ದರ್ಶನ ಆಯಿತೋ ಇಲ್ಲವೋ ಇವತ್ತಿಗೂ ನೆನಪಿಲ್ಲ.

ಊರಿಗೆ ಬಂದಾಗ ಮಾವ ಜಗಲಿಯ ಮೇಲೆ ಯಾರದೋ ಪಂಚಾಯ್ತಿ ಮಾಡುತ್ತಿದ್ದರು. ಅತ್ತೆ ನಿಜವಾದ ಲಡ್ಡು ಹಿಡಿದುಕೊಂಡು, ಬರಿದಲೆಯಲ್ಲಿ ಮೆಟ್ಟಿಲು ಹತ್ತಿದರು. ಗಂಧ ಒಣಗಿ ಉದುರಿತ್ತು, ಕಲೆ ಎದ್ದು ಕಾಣುತ್ತಿತ್ತು. ಕೂತಿದ್ದವರೆಲ್ಲ "ಗೋವಿಂದಾ" ಅಂದರು. ಮಾವ ಅನ್ನಲಿಲ್ಲ.

"ಸೆರಗು ಹೊದ್ಕೊಳ್ಳೇ" ಅಂದರು ಮೆಲ್ಲಗೆ.

"ಯಾಕೆ? ದೇವ್ರಿಗೆ ಕೊಟ್ಟಿದ್ದಲ್ವಾ" ಅಂದರು ಅತ್ತೆ, ಕೂತಿದ್ದವರಿಗೆಲ್ಲ ಕೇಳುವ ಹಾಗೆ.

ಅವತ್ತು ಸಂಜೆ ಮುದ್ದೆಯನ್ನು ಅತ್ತೆಯೇ ಬಡಿಸಿದರು. ಬಡಿಸಲು ಬಗ್ಗಿದಾಗ ಆ ಕಲೆ ಮಾವನ ಕಣ್ಣಿಗೆ ಗೇಣು ದೂರ. ಮಾವ ಮುದ್ದೆ ಮುರಿದು ನೋಡಲಿಲ್ಲ. ನುಂಗಿ ಎದ್ದರು. ಮಾರನೆಯ ದಿನದಿಂದ ತಟ್ಟೆಯನ್ನು ಕೊಟ್ಟಿಗೆಯ ಕಡೆ ತರಿಸಿಕೊಂಡು, ಎತ್ತುಗಳ ಕಡೆ ಮುಖ ಮಾಡಿ ಉಣ್ಣತೊಡಗಿದರು. ಸಂಕ್ರಾಂತಿ ಬಂತು, ಹೋಯಿತು. ಗಾಡಿ ಕಟ್ಟುವ ಮಾತು ಅವರು ಎತ್ತಲಿಲ್ಲ, ಮಾಲೂರಿನ ಮಾತೂ ಎತ್ತಲಿಲ್ಲ. ಒಂದು ಸಲ ಎತ್ತಲು ಹೋಗಿದ್ದರು. ಇವರು ಅಪ್ಪನ ಮುಖ ನೋಡಿ, "ಅವ್ವನ ತಲೆ ನೋಡ್ಕೊಂಡು ಮಾತಾಡಪ್ಪಾ" ಅಂದರು. ಅಷ್ಟಕ್ಕೇ ಮುಗಿಯಿತು.

ನಾನು ಗೆದ್ದೆ ಅಂತ ಯಾರೂ ತಿಳಿದುಕೊಳ್ಳಬೇಡಿ. ಬಲಗೈಗೆ ಮತ್ತೆ ಮುದ್ದೆಕೋಲು ಹಿಡಿಯುವ ಶಕ್ತಿ ಬರಲೇ ಇಲ್ಲ. ಸೆಳೆತದ ಮಾತ್ರೆ ಈಗಲೂ ನುಂಗುತ್ತೇನೆ. ಮಗಳ ಬಾಯಲ್ಲಿ ಅಮ್ಮ ಅನ್ನಿಸಿಕೊಳ್ಳಲಿಲ್ಲ. ಕೂದಲು ಮಾತ್ರ ಬೆಳೆಯಿತು, ಮೊದಲಿನಷ್ಟೇ ಉದ್ದ. ಅದನ್ನು ಬಾಚುವಾಗಲೆಲ್ಲ ಅತ್ತೆಯ ಕಡೆ ನೋಡಲು ನನಗೆ ಸಂಕಟವಾಗುತ್ತಿತ್ತು. ಯಾಕೆಂದರೆ ಅವರು ಮತ್ತೆ ಕೂದಲು ಬಿಡಲಿಲ್ಲ. ಇಷ್ಟಿಷ್ಟು ಬೆಳೆದು ಕಲೆ ಮುಚ್ಚುವ ಹೊತ್ತಿಗೆ, ಸುಗ್ಗಿ ಮುಗಿದ ಕೂಡಲೇ, ತಿರುಪತಿ ಬಸ್ಸು. ಪ್ರತಿ ವರ್ಷವೂ. ಪಿಳ್ಳಮ್ಮನ ಭಕ್ತಿ ದೊಡ್ಡದು ಅಂತ ಊರೆಲ್ಲ ಕೊಂಡಾಡಿತು. ಮಾವ ಬದುಕಿರುವವರೆಗೂ ಎತ್ತುಗಳ ಕಡೆ ಮುಖ ಮಾಡಿಯೇ ಉಂಡರು.

ಎಪ್ಪತ್ತರ ದಶಕದಲ್ಲಿ ಒಂದು ಬೇಸಿಗೆ ಮಾವ ತೀರಿಕೊಂಡರು. ಆ ವರ್ಷದ ಸುಗ್ಗಿ ಮುಗಿದ ಮೇಲೆ, ಎಂದಿನಂತೆ ಅತ್ತೆಯ ಸೀರೆ ಮಡಚಿ ಚೀಲಕ್ಕೆ ಹಾಕಿ, ಬಸ್ಸಿಗೆ ಹೊತ್ತಾಯಿತು ಅಂತ ಕರೆಯಲು ಹೋದೆ. ಅತ್ತೆ ಹಿತ್ತಲ ಬಿಸಿಲಿನಲ್ಲಿ ಕೂತಿದ್ದರು. ಬೆರಳುದ್ದದ ಬಿಳಿ ಕೂದಲ ಮೇಲೆ ಕೈಯಾಡಿಸಿಕೊಂಡರು.

"ಈ ವರ್ಷ ಬೇಡ ಬಿಡು" ಅಂದರು. "ಇನ್ಯಾರ್ಗೆ ತೋರ್ಸೋದೈತೆ."

ಆಮೇಲೆ ಪಕ್ಕದಲ್ಲಿದ್ದ ಎಣ್ಣೆ ಬಟ್ಟಲನ್ನು ನನ್ನ ಕಡೆ ನೂಕಿ, ತಲೆ ಬಗ್ಗಿಸಿ ಕೂತರು.